ತಕೋ ಸೈಕಲ್ ಶಾಪ್

ಹೋದ ತಿಂಗಳು ನಂಜನಗೂಡು ತಲುಪುವ ಹೊತ್ತಿಗೆ ನನ್ನ ಸ್ಕೂಟರಿನ ಹಿಂದಿನ ಚಕ್ರ ಕೂತುಬಿಟ್ಟಿತು. ತಳ್ಳಿಕೊಂಡು ಹೋಗಿ ರಸ್ತೆ ಬದಿಯ ಪಂಚರ್ ಅಂಗಡಿಗೆ ಬಿಟ್ಟೆ. ಅಂಗಡಿಯವನು ಟ್ಯೂಬನ್ನು ಉಜ್ಜಿ, ಪುಟ್ಟ ಡಬ್ಬಿಯ ಮುಚ್ಚಳ ತಿರುಗಿಸಿ, ಬೆರಳ ತುದಿಯಲ್ಲಿ ಸಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಟಿ. ನರಸೀಪುರದ ಕಡೆಯ ನಮ್ಮೂರಿನ ಹೈಸ್ಕೂಲು ಮೈದಾನದಲ್ಲಿದ್ದೆ. ಸಂಜೆ ನಾಲ್ಕೂವರೆ. ಸುಣ್ಣದ ಗೆರೆಗಳು ಇನ್ನೂ ಹಸಿ...

ವಾಸನೆ ಸುಳ್ಳು ಹೇಳುವುದಿಲ್ಲ ಎನ್ನುವವರಿದ್ದಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಅದು ಬಾಗಿಲು ತೆಗೆಯುತ್ತದೆ, ಅಷ್ಟೆ. ಒಳಗೆ ಯಾರು ಏನು ಮಾತಾಡಿದರು ಎನ್ನುವುದನ್ನು ನಮಗೆ ಅನುಕೂಲವಾಗುವಂತೆ ನಾವೇ ತುಂಬಿಕೊಳ್ಳುತ್ತೇವೆ. ಹಾಗಾಗಿ ಇದನ್ನು ಬರೆಯುವಾಗ ಹತ್ತನೇ ಕ್ಲಾಸಿನ ನನ್ನ ನೋಟ್‌ಬುಕ್ಕನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ.

ಸೈಕಲ್ ಶಾಪಿನ ಮಾವ ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧವೇನಿಲ್ಲ, ಊರಿನ ಮಕ್ಕಳಿಗೆಲ್ಲ ಅವರು ಮಾವನೇ. ಹರೆಯದಲ್ಲಿ ಬನ್ನೂರಿನ ಒಂದು ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದರಂತೆ. ಅಂಗಡಿಯೆದುರು ಮೈದಾನ, ಮೈದಾನದಲ್ಲಿ ದಿನಾ ಖೋ ಖೋ. ಒಂದು ದಿನವೂ ಆಡದೆ, ಬರೀ ನೋಡಿ ನೋಡಿ ಆಟವನ್ನು ಕರಗತ ಮಾಡಿಕೊಂಡಿದ್ದರು. ಆಗ ನಮ್ಮ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು ಇರಲಿಲ್ಲ. ಮಾವ ಒಂದು ಸಂಜೆ ಸುಣ್ಣದ ಬಕೀಟು ಹಿಡಿದು ಬಂದು ಗೆರೆ ಎಳೆಯತೊಡಗಿದರು. ಯಾರೂ ಕರೆದಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ನೀಲಗಿರಿ ಮರ ಕಡಿಸಿ ಎರಡು ಕಂಬ ನೆಟ್ಟರು. ಸ್ಕೂಟರಿನ ಹಳೇ ಟ್ಯೂಬನ್ನು ಗೇಣುದ್ದಕ್ಕೆ ಕತ್ತರಿಸಿ, ಅಂಚಿಗೆ ಸಲ್ಯೂಷನ್ ಹಚ್ಚಿ, ಹುಡುಗಿಯರಿಗೆಲ್ಲ ಮಂಡಿಪಟ್ಟಿ ಮಾಡಿಕೊಟ್ಟರು. ಬೇರೆ ಊರಿನವರು ನಮ್ಮನ್ನು ಪಂಚರ್ ಟೀಮ್ ಎಂದು ನಗುತ್ತಿದ್ದರು. ಆ ವರ್ಷ ತಾಲ್ಲೂಕು ಗೆದ್ದಮೇಲೆ ನಗು ನಿಂತಿತು.

ನಾನು ಆಡುತ್ತಿರಲಿಲ್ಲ. ಓಡಿದರೆ ಹತ್ತು ಹೆಜ್ಜೆಗೆ ಏದುಸಿರು. ಅಕ್ಷರ ದುಂಡಗಿದ್ದುದರಿಂದ ಮಾವ ನನ್ನನ್ನು ಗೆರೆಯಾಚೆ ಕೂರಿಸಿ ಪಾಯಿಂಟ್ ಬರೆಯಲು ಹಚ್ಚಿದ್ದರು.

ಖೋ ಖೋ ನೋಡಿದವರಿಗೆ ಗೊತ್ತು: ಎಂಟು ಜನ ನಡುಗೆರೆಯ ಮೇಲೆ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟುತ್ತಾಳೆ. ಎದುರಾಳಿ ಆಚೆಗೆ ನುಸುಳಿದಾಗ ಇವಳು ಕೂತವಳೊಬ್ಬಳ ಬೆನ್ನು ಮುಟ್ಟಿ 'ಖೋ' ಎನ್ನಬೇಕು. ಅವಳು ಎದ್ದು ಓಡುತ್ತಾಳೆ, ಇವಳು ಅವಳ ಜಾಗದಲ್ಲಿ ಕೂರುತ್ತಾಳೆ. ಆದರೆ ನಮ್ಮೂರಿನಲ್ಲಿ ಆ 'ಖ' ಯಾರ ಬಾಯಲ್ಲೂ ಹೊರಡುತ್ತಿರಲಿಲ್ಲ. ಮಾವನಿಗಂತೂ ಅದರ ಮೇಲೆ ತಕರಾರೇ ಇತ್ತು.

"ಖೋ ಅಂದ್ರೇನವ್ವ? ಅದ್ಕೇನ್ ಅರ್ಥ ಅದೆ? ಪ್ಯಾಟೆಯೋರು ಅರ್ಧ ಮಾತ ನುಂಗವ್ರೆ. ಅದು 'ತಕೋ' ಕಣವ್ವ. ನನ್ನೋಟ ಆಯ್ತು, ಇನ್ ನಿಂದು, ತಕೋ!"

ಅದು ನಮಗೆ ಎಷ್ಟು ಸರಿ ಎನಿಸಿತೆಂದರೆ ಸಂಜೆಯ ಮೈದಾನದಲ್ಲಿ ಬೇರೆ ಸದ್ದೇ ಇರಲಿಲ್ಲ. ತಕೋ, ತಕೋ, ತಕೋ... ನೀರು ಕೊಡುವಾಗ, ಬುತ್ತಿಯಿಂದ ಒಂದು ತುತ್ತು ಕೊಡುವಾಗ ಹೇಳುವ ಅದೇ ಮಾತು. ತಾಲ್ಲೂಕು ಮ್ಯಾಚಿನ ಅಂಪೈರು ನಮ್ಮ ಕಡೆಯವರೇ, ಅವರ ಕಿವಿಗೆ ಅದು ಖೋ ಎಂದೇ ಕೇಳಿಸಿರಬೇಕು.

ಆ ಸೀಸನ್ನಿನ ಬಗ್ಗೆ ಊರಿನವರ ವಾಟ್ಸಾಪ್ ಗ್ರೂಪಿನಲ್ಲಿ ಇವತ್ತಿಗೂ ಜಗಳ ಮುಗಿದಿಲ್ಲ. ಟೀಮಿನ ಎಲ್ಲರಿಗಿಂತ ಚಿಕ್ಕವಳು ತಾಲ್ಲೂಕು ಫೈನಲ್ಲಿನಲ್ಲಿ ಔಟಾಗದೆ ಎಷ್ಟು ಹೊತ್ತು ಓಡಿದಳು ಎಂಬುದು ಒಂದು ಕಥೆ. ಹಾಲಿನ ಡೈರಿಯ ಅಣ್ಣ ಮೊನ್ನೆ ವಾಯ್ಸ್ ಮೆಸೇಜು ಹಾಕಿದ್ದರು: "ನಾಕು ನಿಮಿಸ ಕಣ್ರಲಾ. ನಾನೇ ವಾಚ್ ನೋಡಿವ್ನಿ." ಅದಕ್ಕೆ ಅವರ ತಮ್ಮನ ಉತ್ತರ: "ಸುಮ್ಕಿರಣ್ಣೋ, ನಿನ್ ಕೈಗೆ ವಾಚ್ ಬಂದಿದ್ದೇ ಮದ್ವೇಲಿ." ನನ್ನ ನೋಟ್‌ಬುಕ್ಕಿನಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡು ಎಂದಿದೆ. ನಾನು ಅದನ್ನು ಗ್ರೂಪಿಗೆ ಹಾಕಿಲ್ಲ.

ಎಲ್ಲರೂ ಒಪ್ಪುವ ಒಂದೇ ಮಾತೆಂದರೆ ಕಂಬದ ಹುಡುಗಿ. ಅವಳು ನನ್ನ ಕ್ಲಾಸಿನವಳು, ಬೆಂಚಿನಲ್ಲಿ ನನ್ನ ಪಕ್ಕದವಳು. ಒಂದು ಕೈಯಲ್ಲಿ ಕಂಬ ಹಿಡಿದು, ಮೈಯನ್ನೆಲ್ಲ ಗಾಳಿಗೆ ಚಾಚಿ, ಇನ್ನೊಂದು ಕೈಯಲ್ಲಿ ಎದುರಾಳಿಯ ಬೆನ್ನು ಮುಟ್ಟುವಾಗ ಜನ ಉಸಿರು ಬಿಗಿಹಿಡಿಯುತ್ತಿದ್ದರು.

ಜಿಲ್ಲೆಯ ಫೈನಲ್ ನಂಜನಗೂಡಿನಲ್ಲಿ. ಊರಿಗೆ ಊರೇ ಬಸ್ಸು ಹತ್ತಿತ್ತು. ಕೊನೆಯ ಅರ್ಧ ನಿಮಿಷ, ಒಂದು ಔಟ್ ಸಿಕ್ಕಿದರೆ ಸಮ. ಕಂಬದ ಹುಡುಗಿ ಅಟ್ಟಿಕೊಂಡು ಬಂದವಳು ಕೂತಿದ್ದವಳ ಬೆನ್ನು ಮುಟ್ಟಿದಳು. ಅವಳು ಚಿಮ್ಮಿ ಎದ್ದು ಎದುರಾಳಿಯನ್ನು ಹಿಡಿದೇಬಿಟ್ಟಳು. ನಾವು ಕುಣಿಯತೊಡಗಿದ್ದೆವು. ಅಂಪೈರು ಸೀಟಿ ಊದಿ ಕೈ ಆಡಿಸಿದರು. ಫೌಲ್. ಹುಡುಗಿ ಖೋ ಎನ್ನಲಿಲ್ಲ, ಬೇರೇನೋ ಅಂದಳು. ಆ ಔಟ್ ಲೆಕ್ಕಕ್ಕಿಲ್ಲ. ಅಷ್ಟರಲ್ಲಿ ಹೊತ್ತು ಮುಗಿಯಿತು.

ಅವಳು 'ತಕೋ' ಅಂದದ್ದನ್ನು ನನ್ನ ಕಿವಿಯಾರೆ ಕೇಳಿದೆ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಈಗ ಯೋಚಿಸಿದರೆ, ನಾನು ಕೂತಿದ್ದದ್ದು ಆಚೆ ತುದಿಯಲ್ಲಿ, ಸುತ್ತ ಕೂಗುವ ಜನ. ಅದು ಕೇಳಿಸುವುದು ಸಾಧ್ಯವಿತ್ತೆ? ನೋಟ್‌ಬುಕ್ಕಿನಲ್ಲಿ ಆ ದಿನದ್ದು ಎರಡೇ ಸಾಲು: "ಒಂದು ಪಾಯಿಂಟಿಗೆ ಸೋತೆವು. ಬಸ್ಸಿನಲ್ಲಿ ತುಂಬ ನಕ್ಕೆವು."

ಯಾಕೆ ನಕ್ಕೆವು ಎಂದು ಬರೆದಿಲ್ಲ. ಬರೆಯದಿದ್ದರೂ ಗೊತ್ತು. ಬಸ್ಸಿನಲ್ಲಿ ಎಲ್ಲರೂ ಮೋರೆ ಇಳಿಬಿಟ್ಟು ಕೂತಿದ್ದಾಗ, ನಾನು ಎದ್ದು ನಿಂತು, ಮುಂದಿನ ಸೀಟಿನವಳ ಬೆನ್ನಿಗೆ ಬಡಿದು "ತಕೋ!" ಎಂದು ರಾಗ ಎಳೆದೆ. ಬಸ್ಸು ಬಿದ್ದು ಬಿದ್ದು ನಕ್ಕಿತು. ಓಡಲಾರದವಳಿಗೆ ಅವತ್ತು ಮೊದಲ ಸಲ ಚಪ್ಪಾಳೆ ಸಿಕ್ಕಿತ್ತು...

ಮಾರನೆಯ ದಿನದಿಂದ ಕಂಬದ ಹುಡುಗಿಗೆ ಅದೇ ಹೆಸರಾಯಿತು. ಬೀದಿಯಲ್ಲಿ ಹೋದರೆ "ಏ ತಕೋ", ಅಂಗಡಿಗೆ ಹೋದರೆ "ತಕೋ ಬಂದ್ಲು". ಅವಳು ಮೈದಾನಕ್ಕೆ ಬರುವುದು ನಿಲ್ಲಿಸಿದಳು, ಆಮೇಲೆ ಸ್ಕೂಲಿಗೂ. ಅವರಪ್ಪ ಮಾವನ ಅಂಗಡಿ ಮುಂದೆ ನಿಂತು, "ಊರೆಲ್ಲ ಆಡ್ಕೊಂಡು ನಗ್ತದೆ. ಆಟನೂ ಬ್ಯಾಡ, ಓದೂ ಬ್ಯಾಡ ನಮ್ಮುಡ್ಗೀಗೆ" ಎಂದು ಹೇಳಿಹೋದರು. ಬೆಂಚಿನಲ್ಲಿ ನನ್ನ ಪಕ್ಕದ ಜಾಗ ಖಾಲಿಯಾಗಿತ್ತು. ಅವಳ ಮನೆಗೆ ಹೋಗೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ.

ಆ ವಾರವೇ ನನ್ನ ಸೈಕಲ್ಲು ಪಂಚರಾಯಿತು. ಮಾವ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಗುರುತು ಮಾಡಿದರು. ಪ್ಯಾಚ್ ಹಾಕಿದರು. ಒಳಗೆ ಸೇರಿಸುವ ಮುನ್ನ ಟೈರಿನ ಒಳಮೈಯನ್ನು ಬೆರಳಲ್ಲಿ ನಿಧಾನವಾಗಿ ಸವರತೊಡಗಿದರು.

"ಪ್ಯಾಚ್ ಆಯ್ತಲ್ಲ ಮಾವ, ಕೊಡಿ."

"ಮುಳ್ಳು ಇಲ್ಲೇ ಅದೆ ಕಣವ್ವ. ಅದ ತಗೀದೆ ಎಸ್ಟು ಪ್ಯಾಚ್ ಆಕುದ್ರೂ ನಾಳಿಕ್ ಮತ್ತೆ ಗಾಳಿ ಓಯ್ತದೆ. ಟ್ಯೂಬ ಬೈದ್ರೆ ಏನ್ ಬಂತು?"

ಹೀಗೆನ್ನುವಾಗ ಅವರು ನನ್ನನ್ನು ನೋಡಿದರು ಎಂದು ನೆನಪು. ನೋಡಿದ್ದರೋ, ನನ್ನ ಅಳುಕು ಆ ನೋಟವನ್ನು ಆಮೇಲೆ ಸೇರಿಸಿತೋ, ತಿಳಿಯದು.

ಅವತ್ತೇ ಸಂಜೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ಅರ್ಧ ಊರು ಸಾಲು ನಿಂತಿತ್ತು. ನಾನೂ ಇದ್ದೆ. ಮಾವ ಬಂದು ಕಟ್ಟೆ ಹತ್ತಿದರು.

"ನೋಡ್ರಪ್ಪ, ಆ ಮಾತ ಆ ಮಗೀಗೆ ಏಳ್ಕೊಟ್ಟೋನು ನಾನು. ಅದು ನಾನ್ ಏಳ್ಕೊಟ್ಟಂಗೇ ಆಡ್ತು. ತಪ್ಪು ನಂದು. ಆಡ್ಕೊಳದಾದ್ರೆ ನನ್ನ ಆಡ್ಕೊಳಿ."

ಯಾರೋ ಸಾಲಿನ ಹಿಂದಿನಿಂದ, "ಅಂಗಾದ್ರೆ ಇನ್ಮ್ಯಾಕೆ ನೀನೇ ತಕೋ ಕಣಯ್ಯ" ಎಂದರು. ಜನ ನಕ್ಕರು. ಮಾವನೂ ನಕ್ಕು, "ಆಗ್ಲಿ, ತಕೊಂಡೆ" ಎಂದರು. ಬಸ್ಸಿನಲ್ಲಿ ಮೊದಲು ಅಣಕಿಸಿದವಳು ನಾನು ಎಂದು ಆಗಲೇ ಹೇಳಬಹುದಿತ್ತು. ನನ್ನ ಸರದಿ ಬಂತು, ಹಾಲು ಅಳೆಸಿದೆ, ಮನೆಗೆ ಹೋದೆ.

ಬೆಳಗ್ಗೆ ಎದ್ದು ನೋಡಿದರೆ ಅಂಗಡಿಯ ಹಲಗೆಯ ಮೇಲೆ ಕೆಂಪು ಪೇಂಟಿನಲ್ಲಿ, ಮಾವನದೇ ಸೊಟ್ಟ ಅಕ್ಷರಗಳಲ್ಲಿ, 'ತಕೋ ಸೈಕಲ್ ಶಾಪ್' ಎಂದು ಬರೆದಿತ್ತು. ವಾರದೊಳಗೆ ಆ ಹೆಸರು ಹುಡುಗಿಯನ್ನು ಬಿಟ್ಟು ಮಾವನಿಗೆ ಅಂಟಿಕೊಂಡಿತು. ಹುಡುಗಿಯ ಅಪ್ಪನೇ ಒಂದು ದಿನ "ಲೋ ತಕೋ, ನಮ್ಮುಡ್ಗಿ ಬತ್ತದೆ, ಚೆಂದಾಗಿ ನೋಡ್ಕೊ" ಎಂದು ಅವಳನ್ನು ಮೈದಾನಕ್ಕೆ ತಂದು ಬಿಟ್ಟರು. ಅವಳು ಬಂದು ಬೆಂಚಿನಲ್ಲಿ ನನ್ನ ಪಕ್ಕ ಕೂತಳು, ನಾನು ಏನೂ ಆಗದವಳಂತೆ ಅವಳಿಗೆ ನೋಟ್ಸ್ ಕೊಟ್ಟೆ. ಆಮೇಲೆ ಮಾವ ಇಡೀ ಟೀಮನ್ನು ಸಾಲಾಗಿ ಕೂರಿಸಿ, ತಾವೂ ಜೊತೆಗೆ ಕೂತು, 'ಖ' ಕಲಿಸಿದರು. ಎಲ್ಲರಿಗಿಂತ ಕೊನೆಗೆ ಕಲಿತವರು ಅವರೇ. ಮರುವರ್ಷ ನಮ್ಮ ಹೈಸ್ಕೂಲು ತಾಲ್ಲೂಕೇ ದಾಟಲಿಲ್ಲ. ಆ ವರ್ಷದ ಬಗ್ಗೆ ಗ್ರೂಪಿನಲ್ಲಿ ಯಾರೂ ಜಗಳವಾಡುವುದಿಲ್ಲ.

ಮಾವ ತೀರಿಕೊಂಡಾಗ ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಪರೀಕ್ಷೆಯಿತ್ತು, ಹೋಗಲಾಗಲಿಲ್ಲ. ಪರೀಕ್ಷೆ ಅವತ್ತೇ ಇತ್ತೋ, ಎರಡು ದಿನ ಬಿಟ್ಟು ಇತ್ತೋ... ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರೀಚಾರ್ಜ್ ಮಾಡುತ್ತಾರೆ. ಮಾವ ಗಾಳಿ ಪಂಪನ್ನು ಕೇಳಿದವರಿಗೆಲ್ಲ 'ತಕೋ' ಎಂದು ಕೊಡುತ್ತಿದ್ದರಿಂದ ಆ ಹೆಸರು ಬಂತು ಎಂದು ಊರಿನ ಈಗಿನ ಮಕ್ಕಳು ತಿಳಿದಿದ್ದಾರೆ. ಅದನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ.

ನಾನು ಹೋದ ತಿಂಗಳು ನಂಜನಗೂಡಿಗೆ ಹೊರಟಿದ್ದೂ ಖೋ ಖೋ ನೋಡಲಿಕ್ಕೇ. ಕಂಬದ ಹುಡುಗಿ ಈಗ ಬನ್ನೂರಿನ ಕಡೆಯ ಒಂದು ಶಾಲೆಯಲ್ಲಿ ಡ್ರಿಲ್ ಟೀಚರ್. ಅವಳ ಟೀಮು ಫೈನಲ್ಲಿಗೆ ಬಂದಿತ್ತು. ಪಂಚರ್ ಹಾಕಿಸಿ ಮೈದಾನ ಮುಟ್ಟುವಷ್ಟರಲ್ಲಿ ಮೊದಲ ಇನಿಂಗ್ಸ್ ಮುಗಿದಿತ್ತು. ಕೊರಳಲ್ಲಿ ಸೀಟಿ, ತಲೆಗೆ ಟೋಪಿ, ಗುರುತೇ ಸಿಗಲಿಲ್ಲ. ಅವಳಿಗೆ ನನ್ನ ಗುರುತು ಸಿಕ್ಕಿತು.

"ಏನೇ, ಪಾಯಿಂಟ್ ಬರ್ಯಕ್ಕೆ ಇಷ್ಟೊತ್ತಿಗ್ ಬರೋದಾ?"

ಮೂಗಿಗೆ ಇನ್ನೂ ಸಲ್ಯೂಷನ್ ವಾಸನೆ ಅಂಟಿದ್ದಕ್ಕೋ ಏನೋ, ಇಷ್ಟು ವರ್ಷ ಆಗದ್ದು ಅವತ್ತು ಆಯಿತು. ಹೇಳಿದೆ. ಬಸ್ಸಿನಲ್ಲಿ ಮೊದಲು ಅಣಕಿಸಿದವಳು ನಾನೇ.

ಅವಳು ಮೈದಾನದಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಕಣೇ. ನಾನೂ ಅದೇ ಬಸ್ಸಲ್ಲಿದ್ದೆ."

"ಮಾವಂಗೆ?"

"ಅವ್ರು ಮುಂದ್ಗಡೆ ಸೀಟಲ್ಲೇ ಕೂತಿದ್ರಲ್ಲ. ನಾನು ಅತ್ಕೊಂಡು ನಿನ್ ಹೆಸರು ಹೇಳ್ದಾಗ, 'ಅದು ಬರ್ಯೋ ಮಗ, ಒಂದಿನ ಸರಿಯಾಗ್ ಬರೀತದೆ ಬುಡು' ಅಂದ್ರು."

ಅದು ಮಾವನ ಮಾತೋ, ನನ್ನ ಸಮಾಧಾನಕ್ಕೆ ಅವಳು ಅಲ್ಲೇ ಕಟ್ಟಿದ್ದೋ, ಕೇಳಲಿಲ್ಲ. ಅವತ್ತು ನೀನು ನಿಜಕ್ಕೂ ಏನಂದೆ ಎಂದು ಮಾತ್ರ ಕೇಳಿದೆ. "ನಂಗೇ ನೆನಪಿಲ್ಲ" ಎಂದು ನಕ್ಕಳು.

ಕೊನೆಯ ನಿಮಿಷಗಳು. ಅವಳ ಹುಡುಗಿಯರ ಮಂಡಿಗೆ ಅಂಗಡಿಯಿಂದ ತಂದ ಹೊಸ ಪಟ್ಟಿಗಳಿದ್ದವು. ಖೋ, ಖೋ, ಖೋ... ಒಂದೊಂದು 'ಖ'ವೂ ಗಂಟೆ ಹೊಡೆದಂತೆ ಕೇಳುತ್ತಿತ್ತು. ಎಳೆಯ ಹುಡುಗಿಯೊಬ್ಬಳು ಕಂಬ ಹಿಡಿದು ಗಾಳಿಗೆ ಚಾಚಿಕೊಂಡಳು, ಬೆರಳ ತುದಿ ಎದುರಾಳಿಯ ಬೆನ್ನು ಮುಟ್ಟಿತು. ಈ ಸಲ ಅಂಪೈರು ಫೌಲಿಗೆ ಸೀಟಿ ಊದಲಿಲ್ಲ.

ಪಕ್ಕದಲ್ಲಿ ಡ್ರಿಲ್ ಟೀಚರು ನೆಲ ಬಿಟ್ಟು ಹಾರಿ, ಎರಡೂ ಕೈ ಬಾಯಿಗಿಟ್ಟು, ಮೈದಾನಕ್ಕೆಲ್ಲ ಕೇಳುವಂತೆ ಕೂಗಿದಳು.

"ತಕೋ!"

ಗೆರೆಯಾಚೆ ನಿಂತು ಕೂಗಿದರೆ ಅದು ಫೌಲಲ್ಲ. ನಾನೂ ಕೂಗಿದೆ.