ಚಂದ್ರಲೋಕದ ಶೇರ್ವಾನಿ

ಹರಿಹರದ ದರ್ಜಿ ನೌಮಾನ್ ಅವರಿಗೆ ಹಳೆಯ ಮಕ್ಕಳ ಪತ್ರಿಕೆಗಳ ಗಗನಯಾತ್ರಿ ಚಿತ್ರಗಳೆಂದರೆ ಪ್ರಾಣ. ಎರಡು ಸಾವಿರದ ಇಸವಿಗೆ ಎಲ್ಲರೂ ಎತ್ತರದ ಕಾಲರಿನ, ಬೆಳ್ಳಿ ಬಣ್ಣದ ಉಡುಪು ತೊಡುತ್ತಾರೆಂದು ಆ ಚಿತ್ರಗಳು ನಂಬಿಸಿದ್ದವು. ಇಸವಿ ಬಂದು ಹೋಯಿತು. ಅಂಥದ್ದನ್ನು ಹೊಲಿಸಲು ಯಾರೂ ಬರಲಿಲ್ಲ. ಕಾದು ಸಾಕಾಗಿ, ತಮ್ಮನ ಮಗ ಫರ್ದೀನನ ಮದುವೆಗೆ ತಾವೇ ಅಂಥದ್ದೊಂದು ಶೇರ್ವಾನಿ ಹೊಲಿದರು.

“ಬಡೇ ಅಬ್ಬಾ, ದಿಬ್ಬಣ ಹೊಂಟಿರೋದು ದಾವಣಗೆರೆಗೆ, ಚಂದ್ರಲೋಕಕ್ಕಲ್ಲ,” ಎಂದ ಫರ್ದೀನ್.

“ಹಾಕ್ಕೊಂಡು ನೋಡಪ್ಪ.”

ದೊಡ್ಡಪ್ಪನ ಮಾತು ಮೀರಲಾಗದೆ ಹಾಕಿಕೊಂಡ. ಕಾಲರ್ ಕಿವಿಯವರೆಗೆ ಬಂತು. ಶಾದಿಮಹಲಿನಲ್ಲಿ ಕುತ್ತಿಗೆ ತಿರುಗದೆ, ಪಕ್ಕದಲ್ಲೇ ಕೂತ ಮದುಮಗಳು ಇರಮ್‌ಳನ್ನು ನೋಡಲಾಗಲಿಲ್ಲ. ಕೊನೆಗೆ ಅವಳೇ ಎದ್ದು ಬಂದು ಎದುರಿಗೆ ನಿಂತಳು.

“ಭಾಳ ಚೆಂದ ಐತೆ,” ಎಂದು ನೌಮಾನರತ್ತ ತಿರುಗಿದಳು. “ನಮ್ಮ ಅಬ್ಬಾಗೂ ಒಂದು ಹೊಲಿದು ಕೊಡ್ರಿ.”

ನೌಮಾನ್ ಜೇಬಿನಿಂದ ಟೇಪು ತೆಗೆದು ಬೀಗರನ್ನು ಹುಡುಕುತ್ತ ಹೊರಟರು.