ಜ್ವರ ಇಳಿದ ದಿನ

ನಸೀಮಾ ಡ್ಯೂಟಿಯಿಂದ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಜಗಲಿಯಲ್ಲಿ ಕುಳಿತುಬಿಟ್ಟಳು. ಮೈಯೆಲ್ಲ ಕೆಂಡ. ಕಣ್ಣಿನ ಹಿಂದೆ ಯಾರೋ ಒತ್ತಿದ ಹಾಗೆ ನೋವು ಅಂದಳು. ನನ್ನ ಹೆಂಡತಿ ಜಾಲ್ಸೂರಿನ ಕಡೆ ಆಶಾ ಕಾರ್ಯಕರ್ತೆ. ಡೆಂಗಿಯ ಲಕ್ಷಣಗಳನ್ನು ಮನೆಮನೆಗೆ ಹೇಳಿ ಹೇಳಿ ಅವಳಿಗೆ ಬಾಯಿಪಾಠ.

"ಊರಿಗೆಲ್ಲ ಹೇಳಿದ್ದು ಸಾಲದು ಅಂತ ನೀನೇ ಮಾಡಿ ತೋರಿಸುದಾ?" ಎಂದು ತಮಾಷೆ ಮಾಡಿದೆ.

ಅವಳು ಗೋಡೆಗೊರಗಿ ಕಣ್ಣು ಮುಚ್ಚಿದಳು.

ಆ ವಾರವಿಡೀ ಅವಳು ರಬ್ಬರ್ ತೋಟಗಳಲ್ಲಿ ಅಲೆದಿದ್ದಳು. ಜೋರು ಮಳೆಗೆ ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ನಿಲ್ಲುತ್ತದೆ. ಟ್ಯಾಪಿಂಗಿಗೆ ತೋಟ ವಹಿಸಿಕೊಂಡವನು ಗಡಿ ದಾಟಿ ಕೇರಳದ ತನ್ನ ಊರಿಗೆ ಹೋಗುತ್ತಾನೆ. ಹಾಲು ಹಿಡಿಯುವ ತೆಂಗಿನ ಗೆರಟೆಗಳು ಮಾತ್ರ ಬಾಯಿ ತೆರೆದುಕೊಂಡು ಮರದಲ್ಲೇ ಉಳಿಯುತ್ತವೆ. ಅವುಗಳಲ್ಲಿ ನೀರು ನಿಂತು ಸೊಳ್ಳೆಮರಿ ಕುಣಿಯುತ್ತಿದ್ದರೂ ತೋಟದ ಯಜಮಾನರು ಮುಟ್ಟುವುದಿಲ್ಲ. ನಮ್ಮ ನೆರೆಯ ಬಾಲಣ್ಣನೂ ಅಷ್ಟೇ. "ಗೆರಟೆ ನನ್ನದಲ್ಲ ಮಾರಾಯ್ತಿ, ಟ್ಯಾಪಿಂಗಿನವನದ್ದು. ಅವ ಬರ್ಲಿ" ಅಂದಿದ್ದ. ಹಾಗಾಗಿ ಇವಳೇ ಮರದಿಂದ ಮರಕ್ಕೆ ಹೋಗಿ, ಗೆರಟೆಗಳನ್ನು ಎತ್ತಿ ನೀರು ಚೆಲ್ಲಿ ಕವುಚಿ ಹಾಕುತ್ತಿದ್ದಳು. ಸೊಳ್ಳೆ ಎಲ್ಲಿ ಕಚ್ಚಿತೋ ದೇವರಿಗೇ ಗೊತ್ತು. ನಾನಂತೂ ಬಾಲಣ್ಣನ ತೋಟದಲ್ಲೇ ಎಂದು ತೀರ್ಮಾನಿಸಿದ್ದೆ.

ಟೆಸ್ಟ್ ಪಾಸಿಟಿವ್ ಬಂತು. ಪುತ್ತೂರಿನ ಆಸ್ಪತ್ರೆಗೆ ಸೇರಿಸಿದೆ. ಪ್ಲೇಟ್‌ಲೆಟ್ ದಿನದಿಂದ ದಿನಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಹಣೆ ಮುಟ್ಟಿದರೆ ತಣ್ಣಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಕಾಣಿಯೂರಿನಲ್ಲಿರುವ ಅವಳ ತಾಯಿಗೆ ಫೋನ್ ಮಾಡಿ "ಜ್ವರ ಬಿಟ್ಟಿತು" ಎಂದು ಹೇಳಿ, ಕ್ಯಾಂಟೀನಿನಲ್ಲಿ ಕೂತು ಹೊಟ್ಟೆ ತುಂಬ ಗೋಳಿಬಜೆ ತಿಂದೆ.

ಮರಳಿ ಬಂದಾಗ ಮಂಚದ ಸುತ್ತ ಡಾಕ್ಟರು, ನರ್ಸುಗಳು.

"ಡೆಂಗಿಯಲ್ಲಿ ಜ್ವರ ಇಳಿದ ಮೇಲೆಯೇ ನಮಗೆ ಹೆದರಿಕೆ" ಅಂದರು ಡಾಕ್ಟರು. "ಬಿಪಿ ಬೀಳ್ತಾ ಉಂಟು. ಐಸಿಯುಗೆ ಹಾಕ್ಬೇಕು."

ನರ್ಸು ಚಾಚಿದ ಕಾಗದಕ್ಕೆ ಗೋಳಿಬಜೆಯ ಎಣ್ಣೆಗೈಯಲ್ಲೇ ಸಹಿ ಹಾಕಿದೆ.

ಐಸಿಯು ಒಳಗೆ ಸ್ವಲ್ಪ ಹೊತ್ತು ಬಿಟ್ಟರು. ಅವಳಿಗೆ ಅರ್ಧ ಎಚ್ಚರ. ಬಲಗೈ ಮಾತ್ರ ಹಾಸಿಗೆಯ ಮೇಲೆ ಏನನ್ನೋ ಎತ್ತುತ್ತಿತ್ತು, ಮಗುಚುತ್ತಿತ್ತು. ಸ್ವಲ್ಪ ಆಚೆಗೆ ಸರಿದು ಮತ್ತೆ ಎತ್ತುತ್ತಿತ್ತು, ಮತ್ತೆ ಮಗುಚುತ್ತಿತ್ತು. ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಮುಷ್ಟಿಯೊಳಗೂ ಅದು ತಿರುಗಿತು.

"ಸಾಕು, ಎಲ್ಲ ಆಯ್ತು" ಅಂದೆ.

"ಬಾಲಣ್ಣಂದು ಬಾಕಿ ಉಂಟು."

ಆ ಮನುಷ್ಯನನ್ನು ಆಗ ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ. ಎರಡು ದಿನ ಬಿಟ್ಟು ಅವನು ಎಳನೀರು ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಅಷ್ಟರಲ್ಲಿ ಬಿಪಿ ಬೀಳುವುದು ನಿಂತಿತ್ತು. ಬಾಗಿಲಲ್ಲೇ ನಿಂತು, "ಎಲ್ಲ ಕವುಚಿ ಹಾಕಿದೆ, ಒಂದೂ ಬಿಡ್ಲಿಲ್ಲ" ಅಂದ. ನಾನು ಎಳನೀರು ತೆಗೆದುಕೊಂಡೆ.

ಈಗ ಮನೆಯಲ್ಲಿದ್ದೇವೆ. ಅವಳ ಕೂದಲು ಹಿಡಿ ಹಿಡಿಯಾಗಿ ಉದುರುತ್ತಿದೆ. ಬಾವಿಕಟ್ಟೆಯವರೆಗೆ ನಡೆದರೆ ಏದುಸಿರು. ಆದರೂ ಮುಂದಿನ ವಾರ ಡ್ಯೂಟಿಗೆ ಹೋಗುತ್ತಾಳಂತೆ. ಡಾಕ್ಟರ ಋಣ, ದೇವರ ದಯೆ, ಎಲ್ಲವನ್ನೂ ನೆನೆಯುತ್ತೇನೆ. ಆದರೆ ಹೆದರಿಕೆ ಹೋಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಕೈ ಅವಳ ಹಣೆಗೆ ಹೋಗುತ್ತದೆ. ಬಿಸಿ ಇದ್ದರೆ ಹೆದರುವುದು ಸರಿ. ತಣ್ಣಗಿದ್ದರೂ ನನ್ನ ಎದೆ ಧಸಕ್ಕೆನ್ನುತ್ತದೆ.

ನಿನ್ನೆ ಅವಳು ಕಣ್ಣು ಬಿಡದೆಯೇ ನನ್ನ ಕೈಯನ್ನು ತೆಗೆದು ಪಕ್ಕಕ್ಕಿಟ್ಟಳು.

"ಬದುಕಿದ್ದವರ ಹಣೆ ಹೀಗೇ ಇರುದು ಮಾರಾಯ್ರೆ" ಅಂದಳು.