ಮಂಗಳವಾರದ ಕುರ್ಚಿ

ವಾಡಿಯಲ್ಲಿ ಮಂಗಳವಾರ ಕತ್ತರಿ ಆಡುವುದಿಲ್ಲ. ಶಹಾಬಾದ, ಚಿತ್ತಾಪುರ, ಸೇಡಂ, ಎಲ್ಲಿಗೆ ಹೋದರೂ ಅವತ್ತು ಕಟಿಂಗ್ ಅಂಗಡಿಗಳ ಶಟರ್ ಕೆಳಗೇ. ಆ ದಿನ ತಲೆಗೆ ಕತ್ತರಿ ಹಚ್ಚಿದರೆ ಆಯುಷ್ಯ ಕಡಿಮೆ, ಮನೆಗೆ ಕೇಡು ಎಂದು ನಂಬಿದ ಮಂದಿ ನಮ್ಮವರು. ಆದರೆ ಬುಧವಾರ ಬೆಳಿಗ್ಗೆ ಇಂಟರ್‌ವ್ಯೂ ಇದ್ದವನಿಗೆ, ಹೆಣ್ಣು ನೋಡಲು ಹೊರಟವನಿಗೆ ಆಯುಷ್ಯದ ಚಿಂತೆ ಅಷ್ಟಾಗಿ ಕಾಡುವುದಿಲ್ಲ. ಅಂಥವರು ಸ್ಟೇಷನ್ನಿನ ಹಿಂದಿನ ಸಂದಿಗೆ ಬಂದು, ಅತ್ತಿತ್ತ ನೋಡಿ, ಅರ್ಧ ಎತ್ತಿದ ಶಟರಿನಡಿ ತಲೆ ಬಗ್ಗಿಸಿ ಒಳಗೆ ನುಸುಳುತ್ತಿದ್ದರು. ಒಳಗೆ ಅಜಯಕುಮಾರ ಕತ್ತರಿ ಹಿಡಿದು ನಿಂತಿರುತ್ತಿದ್ದ.

ಮೂವತ್ತೇಳು ತುಂಬುವವರೆಗೆ ಅವನು ಕತ್ತರಿ ಹಿಡಿದವನಲ್ಲ. ಸಿಮೆಂಟ್ ಕಾರ್ಖಾನೆಯೊಂದರ ಗೇಟಿನಲ್ಲಿ ಗುತ್ತಿಗೆಯ ವಾಚ್‌ಮನ್. ವರ್ಷಗಟ್ಟಲೆ ಬೇರೆಯವರ ಪಾಸು ನೋಡಿ ಒಳಗೆ ಬಿಟ್ಟ. ಗುತ್ತಿಗೆದಾರ ಬದಲಾದ ತಿಂಗಳು ಅವನ ಪಾಸೇ ಹೊಸದಾಗಲಿಲ್ಲ. ಅವನ ಜಾಗಕ್ಕೆ ಬಂದವನು, "ಪಾಸ್ ಇಲ್ದ ಬಿಡಂಗಿಲ್ರಿ ಅಣ್ಣಾ, ನೀವೇ ಹೇಳಿಕೊಟ್ಟೀರಲ್ಲ" ಅಂದ. ಅದು ಸುಳ್ಳೂ ಅಲ್ಲ.

ಶಹಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ಭಾಗಣ್ಣನ ಅಂಗಡಿ. ಹಡಪದ ಮನೆತನದವನು, ಅಜ್ಜ ಮುತ್ತಜ್ಜನ ಕಾಲದಿಂದ ಕತ್ತರಿಯೇ ಅನ್ನ. ಅರವತ್ತು ದಾಟಿದ್ದ, ಮಗ ಕಲಬುರಗಿಯಲ್ಲಿ ಮೊಬೈಲ್ ಮಾರುತ್ತಿದ್ದ. ನೌಕರಿ ಹೋದವನು ಅವನ ಬೆಂಚಿನ ಮೇಲೆ ಕುಳಿತು ಪೇಪರ್ ತಿರುವುತ್ತಿದ್ದಾಗ ಭಾಗಣ್ಣನೇ ಕೇಳಿದ್ದ.

"ನೌಕರಿ ಹುಡುಕಿ ಹುಡುಕಿ ಆ ಪೇಪರ್ ಹರೀತದ ತಮ್ಮಾ. ಇದನ್ನ ಕಲೀತೀಯೇನು? ನನ್ನ ಮಗಗ ಕೂದಲಾ ಕಂಡ್ರ ಅಸಹ್ಯ. ನನಗರ ಕೈ ಸೋಲಾಕತ್ಯಾವ."

"ನಾ ಯಾರಂತ ಗೊತ್ತದಲ್ಲ ಕಾಕಾ?"

"ಗೊತ್ತದ. ಕತ್ತರಿಗಿ ಗೊತ್ತಿಲ್ಲ. ಅದಕ್ಕ ಹೇಳಬ್ಯಾಡ."

ಕಾಳಗಿ ಕಡೆಯ ಅವರ ಹಳ್ಳಿಯಲ್ಲಿ ಅಜಯನ ತಂದೆ ಭೀಮಶ್ಯಾನೂ ಕಟಿಂಗ್ ಮಾಡುತ್ತಿದ್ದ. ಊರ ನಾವಲಿಗ ಇವರ ಓಣಿಯ ತಲೆ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಗೌಡರ ಮನೆಯ ಕೆಲಸ ಹೋಗುತ್ತಿತ್ತು. ಹಾಗಾಗಿ ಭಾನುವಾರ ಬೇವಿನ ಗಿಡದ ಕೆಳಗೆ ಭೀಮಶ್ಯಾ ಓಣಿಯ ಗಂಡಸರನ್ನೆಲ್ಲ ಸಾಲಾಗಿ ಕೂರಿಸಿಕೊಂಡು ಕುರಿ ಉಣ್ಣೆ ಕತ್ತರಿಸಿದಂತೆ ಕತ್ತರಿಸುತ್ತಿದ್ದ. ನೋಡಿದರೆ ಈ ಕಸುಬು ಅಜಯನಿಗೂ ಅಪ್ಪನಿಂದಲೇ ಬಂದದ್ದು. ಜಾತಿಯಿಂದ ಬಂದದ್ದಲ್ಲ, ಜಾತಿ ಮಾಡಿದ ಅವಮಾನದಿಂದ ಬಂದದ್ದು.

ಗಾಳಿ ತುಂಬಿದ ಪುಗ್ಗಾಕ್ಕೆ ಸಾಬೂನು ನೊರೆ ಹಚ್ಚಿ ಬ್ಲೇಡ್ ಎಳೆಯುವುದರಿಂದ ಕಲಿಕೆ ಶುರು. ಪುಗ್ಗಾ ಒಡೆದರೆ ಗಿರಾಕಿಯ ಗಲ್ಲ ಕೊಯ್ದ ಹಾಗೆ. ವರ್ಷವಿಡೀ ಪಗಾರವಿಲ್ಲ, ಚಹಾ, ಮಧ್ಯಾಹ್ನದ ರೊಟ್ಟಿ, ಬಸ್ಸಿನ ರೊಕ್ಕ. ಮನೆಯನ್ನು ಹೆಂಡತಿ ಲುಂಬಿನಿ ಜಂಪರ್ ಹೊಲಿದು ನಡೆಸಿದಳು. ಭಾಗಣ್ಣ ಗಿರಾಕಿಗಳ ಮುಂದೆ ಅವನನ್ನು ಬರೀ "ಅಜಯ್" ಎಂದು ಕರೆಯುತ್ತಿದ್ದ. ಅಡ್ಡಹೆಸರು, ಓಣಿ ಯಾವುದೂ ಬಾಯಿಗೆ ಬರುತ್ತಿರಲಿಲ್ಲ. ಆ ಮೌನವನ್ನು ಪ್ರೀತಿ ಅನ್ನಬೇಕೋ ಅಂಜಿಕೆ ಅನ್ನಬೇಕೋ ಅಜಯನಿಗೆ ಕೊನೆಗೂ ತಿಳಿಯಲಿಲ್ಲ.

ಆಮೇಲೆ ವಾಡಿಯಲ್ಲಿ ಸ್ವಂತ ಅಂಗಡಿ. ಸಂದಿಯೊಳಗಿನ ಆ ಮಳಿಗೆಯನ್ನು ಯಾರೂ ಕೇಳುತ್ತಿರಲಿಲ್ಲ, ಅದಕ್ಕೇ ಇವನಿಗೆ ಸಿಕ್ಕಿತು. ಮಾಲೀಕ ಶರಣಬಸಪ್ಪ ಸಾಹುಕಾರ, "ಬಾಡಗಿಗಿ ಜಾತಿ ಇಲ್ಲಪ" ಎಂದು ದೊಡ್ಡ ಮಾತಾಡಿ, ಪಕ್ಕದ ಮಳಿಗೆಗಿಂತ ಐನೂರು ಹೆಚ್ಚಿಗೆ ಕೇಳಿದ. ಅಜಯ ಒಂದು ಕುರ್ಚಿ, ಎರಡು ಕನ್ನಡಿ ಇಟ್ಟು, ಗೋಡೆಗೆ ಬಾಬಾಸಾಹೇಬರ ಫೋಟೊ ಹಾಕಿದ. ಫೋಟೊ ತೆಗೆದರೆ ಧಂದೆ ಹೆಚ್ಚಾದೀತು ಎಂದು ಹೇಳಿದವರು ಒಬ್ಬಿಬ್ಬರಲ್ಲ. ಅವನು ತೆಗೆಯಲಿಲ್ಲ.

ಪ್ಯಾಟಿಯಲ್ಲಿ ಜಾತಿ ಯಾರೂ ಕೇಳುವುದಿಲ್ಲ ಎಂದು ಓದಿದವರು ಬರೆಯುತ್ತಾರೆ. ಕೇಳುವುದಿಲ್ಲ, ಖರೆ. ಗೊತ್ತಿರುವುದನ್ನು ಯಾರು ಕೇಳುತ್ತಾರೆ? ಸ್ವಂತ ಓಣಿಯವರು, ರೈಲ್ವೆ ಕ್ವಾರ್ಟರ್ಸಿನ ಪರಊರಿನವರು, ಕೆಲವು ಕಾಲೇಜು ಹುಡುಗರು, ಇಷ್ಟೇ ಅವನ ವಾರದ ಗಿರಾಕಿ. ಕಟಿಂಗಿಗೆ ಎಪ್ಪತ್ತು, ದಾಡಿಗೆ ನಲವತ್ತು. ಬಾಡಿಗೆ, ಕರೆಂಟು, ಬ್ಲೇಡು, ಕ್ರೀಮು ಕಳೆದರೆ ತಿಂಗಳಿಗೆ ಏಳು ಸಾವಿರ ಕೈಗೆ ಹತ್ತುವುದೇ ಕಷ್ಟ. ಕಾರ್ಖಾನೆಯ ಗೇಟಿನಲ್ಲಿ ಹನ್ನೆರಡು ಬರುತ್ತಿತ್ತು.

ಉಳಿಸಿದ್ದು ಮಂಗಳವಾರ. ಅವನಿಗೆ ಮಂಗಳವಾರದ ನೇಮವಿಲ್ಲ, ಬೌದ್ಧ. ಮೊದಲ ಸಲ ಸುಮ್ಮನೆ ಶಟರ್ ಎತ್ತಿದ. ಸೇಡಂನಿಂದ ಬಂದ ಒಬ್ಬ, ಬೆಳಗಾದರೆ ಬೆಂಗಳೂರಿನಲ್ಲಿ ಪರೀಕ್ಷೆ ಎಂದು ಕುಳಿತ. ಮುಂದಿನ ವಾರ ಕಾಳಗಿಯ ಮದುಮಗ, ಅವನ ಹಿಂದೆ ನಾಲ್ವರು ಗೆಳೆಯರು. ಆಮೇಲೆ ಗೌಡರ ಮನೆಯವರು, ಸಾಹುಕಾರರ ಮನೆಯವರು, ಉಳಿದ ಆರು ದಿನ ಆ ಸಂದಿಯ ಕಡೆ ಮುಖವನ್ನೂ ತಿರುಗಿಸದವರು. ಒಳಗೆ ಬಂದವರ ಮೊದಲ ಮಾತು ಒಂದೇ: "ಪರದಾ ಎಳಿ." ಆ ಒಂದು ದಿನದ ದುಡಿಮೆಯಿಂದ ತಿಂಗಳ ಗಳಿಕೆ ಹದಿಮೂರಕ್ಕೆ ಮುಟ್ಟಿತು. ಮಗಳನ್ನು ಕಲಬುರಗಿಯಲ್ಲಿ ಪಿಯುಸಿಗೆ ಹಚ್ಚಿದ್ದು ಮಂಗಳವಾರದ ಮೇಲೆ.

"ಇವ್ರು ಹ್ಯಾಂಗ ಬರ್ತಾರ ನನ್ನ ಕುರ್ಚಿಗಿ? ಮೈಲಿಗಿ ಆಗಂಗಿಲ್ಲೇನು?" ಎಂದು ಒಮ್ಮೆ ಅವನು ಬೇಸರದಲ್ಲಿ ತನ್ನನ್ನೇ ಕೇಳಿಕೊಂಡಂತೆ ಅಂದಾಗ, ಲುಂಬಿನಿ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು.

"ಕಟಿಂಗ್ ಮಾಡಿಸಿದ ಮ್ಯಾಲ ಹ್ಯಾಂಗೂ ಜಳಕ ಮಾಡಬೇಕಲ್ಲ. ಒಂದೇ ಜಳಕದಾಗ ಎರಡೂ ಮೈಲಿಗಿ ಹೋಗ್ತಾವ. ನೀರರ ಉಳೀತದ."

ಶರಣಬಸಪ್ಪನೂ ಬರುತ್ತಿದ್ದ. ಬಾಡಿಗೆ ಇಸಿದುಕೊಳ್ಳಲು ಬಂದೆ ಅನ್ನುತ್ತಿದ್ದ. ಬಾಡಿಗೆ ತಿಂಗಳಿಗೊಮ್ಮೆ, ಸಾಹುಕಾರ ಬರುವುದು ಹದಿನೈದು ದಿನಕ್ಕೊಮ್ಮೆ, ಮೀಸೆಯ ಬಿಳಿ ಕಂಡ ಮಂಗಳವಾರ. ಬಣ್ಣ ಹಚ್ಚಿಸಿಕೊಂಡು, ಕನ್ನಡಿಯಲ್ಲಿ ಎರಡೂ ಕಡೆ ನೋಡಿಕೊಂಡು, ರೊಕ್ಕದ ಮಾತೆತ್ತದೆ ಹೋಗುತ್ತಿದ್ದ.

ಒಂದು ಸೋಮವಾರ ಮಧ್ಯಾಹ್ನ ಸಂಘದವರು ಬಂದರು. ಕ್ಷೌರಿಕರ ಸಂಘ, ಅಧ್ಯಕ್ಷ, ಇನ್ನಿಬ್ಬರು, ಅವರ ಹಿಂದೆ ತಲೆ ತಗ್ಗಿಸಿಕೊಂಡು ಭಾಗಣ್ಣ.

"ಬರ್ರಿ, ಕುಂದ್ರಿ" ಅಂದ ಅಜಯ. ಯಾರೂ ಕೂರಲಿಲ್ಲ. ಕೊನೆಗೆ ಭಾಗಣ್ಣನೊಬ್ಬ ಬೆಂಚಿನ ತುದಿಗೆ ಕುಳಿತ.

"ತಮ್ಮಾ, ನಿನ್ನ ಕೈಗಿ ಕತ್ತರಿ ಕೊಟ್ಟಾಂವ ನಾನು. ಈಗ ನಮ್ಮ ಮಂದಿ ನನ್ನ ಮಾರಿಗಿ ಉಗುಳ್ಲಿಕತ್ತಾರ. ಮಂಗಳವಾರ ಮುಚ್ಚಿಬಿಡು."

"ಯಾರ ಗಿರಾಕಿ ಕಸಗೊಂಡೀನಿ ಕಾಕಾ? ಮಂಗಳವಾರ ಬಂದಾಂವ ಬುಧವಾರ ನನ್ನ ಗುರ್ತಾ ಹಿಡಿಯಂಗಿಲ್ಲ."

"ಗಿರಾಕಿ ಮಾತಲ್ಲ. ನಮ್ಮಪ್ಪ ಇದ್ದಾಗ ರಜಾ ಅನ್ನೋದೇ ಇದ್ದಿಲ್ಲ. ಗೌಡ್ರ ಆಳು ಬಂದು ಕರದಾಗ ಕತ್ತರಿ ಕನ್ನಡಿ ತುಂಬಿದ ಹಡಪ ಹೊತ್ಕೊಂಡು ಓಡಬೇಕು. ಉಣ್ಣೋ ತಾಟು ಬಿಟ್ಟು ಎದ್ದು ಹೋಗ್ಯಾನ. ನನಗ ಮೈ ಸರಿ ಇಲ್ರಿ ಅಂದ್ರ ಬಿಡ್ತಿದ್ದಿಲ್ಲ. ದೇವರ ವಾರ, ಕೇಡಾಗ್ತದ ಅಂದ್ರ ಅಂಜಿ ಬಿಡ್ತಿದ್ರು. ದೇವರ ಹೆಸರ ಹೇಳಿ ಗಳಿಸಿದ ಒಂದು ದಿನ ಅದು. ಇವತ್ತು ನೀ ತೆರದಿ. ನಾಳಿ ಗಿರಾಕಿ ನನಗ ಕೇಳ್ತಾನ, ಅಂವ ತೆರೀತಾನ, ನೀ ಯಾಕ ತೆರಿಯಲ್ಲ ಅಂತ."

ವಾರಕ್ಕೊಂದು ಸಂಬಳದ ರಜೆ ಬೇಕೆಂದು ಅಜಯನೂ ಕಾರ್ಖಾನೆಯ ಗೇಟಿನ ಮುಂದೆ ಬಿಸಿಲಿನಲ್ಲಿ ಕುಳಿತವನೇ.

"ಖರೆ ಅದ ಕಾಕಾ. ಮುಚ್ಚತೀನಿ. ನನಗೂ ಸಂಘದಾಗ ಮೆಂಬರ್ ಮಾಡ್ಕೋರಿ. ವರ್ಗಣಿ ಕೊಡ್ತೀನಿ. ನಿಮ್ಮ ಅಂಗಡಿಯಾಗ ಗದ್ದಲ ಇದ್ದಾಗ ಗಿರಾಕಿಗಿ ಹೇಳ್ರಿ, ಅಲ್ಲಿ ಹೋಗ್ರಿ, ಅಂವಾ ನಮ್ಮಾಂವಾ ಅಂತ. ಅಷ್ಟು ಮಾಡಿದ್ರ ಮಂಗಳವಾರದ ರೊಕ್ಕ ನನಗ ಬ್ಯಾಡ."

ಅಧ್ಯಕ್ಷ ಕೆಮ್ಮಿದ. "ಸಂಘ ಜಾತಿದದ, ತಮ್ಮಾ. ಬೈಲಾದಾಗ ಬರಂಗಿಲ್ಲ."

"ಮಂಗಳವಾರ?"

"ಅದು ಎಲ್ಲರಿಗೂ ಬರ್ತದ."

ಭಾಗಣ್ಣ ನೆಲ ನೋಡುತ್ತಿದ್ದ. ಒಂದು ಮಾತು, ಒಂದೇ ಮಾತು ಅವನಿಂದ ಬಂದೀತೆಂದು ಅಜಯ ಕಾದ. ಬರಲಿಲ್ಲ. ಗೌಡರ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬದುಕಿದವರ ಮಕ್ಕಳು, ತಮಗಿಂತ ಕೆಳಗೆ ನಿಂತವನಿಗೆ ಬೈಲಾ ಓದಿ ಹೇಳಿದರು. ಗೌಡರು ಇದಕ್ಕಾಗಿ ಬೆರಳನ್ನೂ ಎತ್ತಬೇಕಾಗಲಿಲ್ಲ.

ಮರುದಿನ ಅಜಯ ಶಟರನ್ನು ಪೂರ್ತಿ ಮೇಲಕ್ಕೆತ್ತಿದ. ಪರದೆ ಬಿಚ್ಚಿ ಮಡಚಿಟ್ಟ. ಬಂದವರು ಸಂದಿಯ ತುದಿಯಿಂದಲೇ ನೋಡಿ ಹಿಂದಿರುಗಿದರು. ಅವತ್ತು ಕುರ್ಚಿಗೆ ಕುಳಿತವರು ಇಬ್ಬರೇ, ಅವರೂ ಅವನ ಓಣಿಯವರು. ಸಂಜೆಯ ಹೊತ್ತಿಗೆ ಸಾಹುಕಾರನಿಂದ ಕರೆ ಬಂತು.

ಶರಣಬಸಪ್ಪನ ಪಡಸಾಲೆಯಲ್ಲಿ ಸಂಘದವರು ಚಾಪೆಯ ಮೇಲೆ ಕುಳಿತಿದ್ದರು. ಅಜಯ ಅಂಗಳದಲ್ಲಿ ನಿಂತ. ಅವನಿಗೆ ಒಂದು ಧೈರ್ಯವಿತ್ತು: ಸಾಹುಕಾರನ ಮೀಸೆಯ ಮೇಲೆ ಹಿಂದಿನ ಮಂಗಳವಾರ ತಾನೇ ಹಚ್ಚಿದ ಬಣ್ಣ ಇನ್ನೂ ಮಿಂಚುತ್ತಿತ್ತು.

"ನೋಡಪಾ ಅಜಯ್ಯಾ," ಅಂದ ಸಾಹುಕಾರ ಆ ಮೀಸೆ ತೀಡುತ್ತ, "ಮಂಗಳವಾರ ಕತ್ತರಿ ಮುಟ್ಟಬಾರದು ಅಂತ ಹಿರಿಯರು ಸುಮ್ನ ಹೇಳಿಲ್ಲ. ನನ್ನ ಜಾಗಾದಾಗ ಅಂಥಾದ್ದು ನಡೀಬಾರದು. ಮುಚ್ಚು, ಇಲ್ಲಾ ಮಳಿಗಿ ಬಿಡು."

ಸಂಘದವರು ಕೈಮುಗಿದು ಎದ್ದರು. ಅವರು ಓಣಿಯ ತಿರುವು ದಾಟುವವರೆಗೆ ಕಾದು ಸಾಹುಕಾರ ದನಿ ತಗ್ಗಿಸಿದ.

"ಸಿಟ್ಟಿಗಿ ಬರಬ್ಯಾಡ. ಅಂಗಡಿ ಮುಚ್ಚು ಅಂದೆ, ಕೈ ಮುಚ್ಚು ಅಂದೆನೇನು? ಇನ್ನ ಮಂಗಳವಾರ ನೀ ಖಾಲೀನೇ ಇರ್ತಿ. ಹಿತ್ತಲ ಬಾಗಲದಿಂದ ಬಾ. ನನ್ನದು, ನನ್ನ ತಮ್ಮಂದಿರದು, ಹಂಗೇ ನಮ್ಮ ನಾಕು ಮನಿ. ಸುಗ್ಗಿಗಿ ಇಷ್ಟು ಜ್ವಾಳ, ಇಷ್ಟು ತೊಗರಿ ಅಂತ ಹಚ್ಚಿ ಕೊಡಸ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ಭಾಗಣ್ಣನ ಅಪ್ಪ ದೇವರ ಹೆಸರು ಹೇಳಿ ತಪ್ಪಿಸಿಕೊಂಡ ಹಿತ್ತಲು, ಅದೇ ದೇವರ ಹೆಸರಿನಲ್ಲಿ ಈಗ ಅಜಯನಿಗೆ ಬಾಗಿಲು ತೆರೆದಿತ್ತು. ಒಪ್ಪಿದರೆ ವರ್ಷದ ಕಾಳು ಮನೆಗೆ ಬರುತ್ತಿತ್ತು. ಮಗಳ ಹಾಸ್ಟೆಲ್ಲಿನ ದುಡ್ಡೂ ಹೇಗೋ ಹೊಂದುತ್ತಿತ್ತು. ಅಷ್ಟೂ ಅವನ ತಲೆಯಲ್ಲಿ ಹಾದುಹೋಯಿತು.

"ಬರಂಗಿಲ್ರಿ ಸಾಹುಕಾರ್ರ."

"ಯಾಕ?"

"ಮಂಗಳವಾರ ನನಗ ರಜಾ ಅದ್ರಿ. ಈಗ ನೀವೇ ಕೊಟ್ರಲ್ಲ."

ಸಾಹುಕಾರ ನಕ್ಕ. ನಗು ಮುಗಿದ ಮೇಲೆ, ಬರುವ ತಿಂಗಳಿಂದ ಬಾಡಿಗೆ ಐನೂರು ಹೆಚ್ಚು ಅಂದ.

ಈಗ ಮಂಗಳವಾರ ಅಜಯನ ಶಟರ್ ಎಲ್ಲರ ಶಟರಿನಂತೆ ಕೆಳಗಿರುತ್ತದೆ. ಸಂಘದವರು ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಾರೆ. ಭಾಗಣ್ಣ ಮಾತ್ರ ಕಂಡೂ ಕಾಣದಂತೆ ರಸ್ತೆಯ ಆ ಬದಿಗೆ ಹೋಗುತ್ತಾನೆ. ಬುಧವಾರದ ಇಂಟರ್‌ವ್ಯೂದವರು, ಮದುಮಕ್ಕಳು ಬೇರೆ ಸಂದಿ ಹುಡುಕಿಕೊಂಡಿರಬೇಕು. ಅಜಯ ಅವತ್ತು ನಸುಕಿನಲ್ಲೇ ಶಹಾಬಾದಿನ ಪರ್ಸಿ ಕಲ್ಲಿನ ಅಡ್ಡೆಗೆ ಹೋಗುತ್ತಾನೆ, ಲಾರಿಗೆ ಕಲ್ಲು ಹಲಗೆ ಏರಿಸಲು. ನಲವತ್ತರ ಹತ್ತಿರ ಬಂದವನಿಗೆ ಆ ಭಾರ ಹೊಸದು. ದಿನಕ್ಕೆ ಆರುನೂರು ಕೊಡುತ್ತಾರೆ. ಕತ್ತರಿ ಆ ಒಂದು ದಿನದಲ್ಲಿ ಕೊಡುತ್ತಿದ್ದುದರ ಅರ್ಧವೂ ಅಲ್ಲ. ಕಸುಬು ಕಲಿತರೆ ಹೊಟ್ಟೆಗೆ ಮೋಸವಿಲ್ಲ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನಿಗೆ ಯಾರೂ ಬೈಲಾ ತೋರಿಸಿರಲಿಕ್ಕಿಲ್ಲ.

ಮೊನ್ನೆ ಬುಧವಾರ ಬೆಳಿಗ್ಗೆ ಓಣಿಯ ಚಂದ್ರಾಮಪ್ಪ ದಾಡಿಗೆ ಬಂದು ಕುಳಿತ. ಅಜಯ ಬ್ಲೇಡ್ ಬದಲಿಸಿದ, ನೊರೆ ಹಚ್ಚಿದ, ಗದ್ದ ಹಿಡಿದ. ಹಿಂದಿನ ದಿನ ಕಲ್ಲು ಎತ್ತಿದ ಬೆರಳು ನಿಲ್ಲಲಿಲ್ಲ. ಸ್ವಲ್ಪ ತಡೆದು ಮತ್ತೆ ನೋಡಿದ. ಬ್ಲೇಡಿನ ಅಲಗು ಚಂದ್ರಾಮಪ್ಪನ ಗಂಟಲ ಹತ್ತಿರ ಸಣ್ಣಗೆ ನಡುಗುತ್ತಿತ್ತು. ಅವನು ಅದನ್ನು ಕೆಳಗಿಟ್ಟು, ನೊರೆ ಒರೆಸಿ, ಟ್ರಿಮ್ಮರ್ ಕೈಗೆತ್ತಿಕೊಂಡ.

"ಮಷೀನ್ ಯಾಕೋ? ಬ್ಲೇಡ್ ಎಳಿ."

"ಬುಧವಾರ ಬ್ಲೇಡ್ ಹಚ್ಚಂಗಿಲ್ಲ ಮಾಮಾ."

"ಹೌದೇನು," ಅಂದ ಚಂದ್ರಾಮಪ್ಪ, ಗದ್ದ ಎತ್ತಿ ಕೊಟ್ಟ. ಆಮೇಲೆ ಕನ್ನಡಿಯಲ್ಲೇ ಅವನ ಮುಖ ನೋಡುತ್ತ ಕೇಳಿದ. "ಇದು ಯಾವ ದೇವರ ವಾರೋ?"

ಅಜಯ ಮಷೀನಿನ ಸ್ವಿಚ್ ಒತ್ತಿದ.